ಮೇಸ್ತ್ರಿ ಮಾವನ ಕಟ್ಟಡ ಅಲ್ಲಾಡಿದ ಪ್ರಕರಣ

ಕೈ ನಡುಗಿದ್ದರಿಂದ ಮನುಷ್ಯಕುಲಕ್ಕೆ ಆಗಿರುವ ಅನಾಹುತಗಳ ಚರಿತ್ರೆಯನ್ನು ಯಾರೂ ಇನ್ನೂ ಬರೆದಿಲ್ಲ. ಬರೆಯಬೇಕಾದವರ ಕೈಯೂ ನಡುಗುತ್ತಿರಬಹುದು. ಅಂಥ ಗ್ರಂಥವೊಂದು ಎಂದಾದರೂ ಹೊರಬಂದರೆ, ಅದರಲ್ಲಿ ಒಂದು ಪೂರ್ಣ ಅಧ್ಯಾಯ ಒಂದು ನಿಮಿಷ ನಲವತ್ತು ಸೆಕೆಂಡಿನ ಒಂದು ವಿಡಿಯೋಕ್ಕೆ ಮೀಸಲಾಗಬೇಕು. ಮೂರು ಮಹಡಿಯ, ಹನ್ನೆರಡು ಮನೆಗಳ, ಇಪ್ಪತ್ತೈದು ವರ್ಷ ಮಿಸುಕದೆ ನಿಂತ ಕಟ್ಟಡವೊಂದು ಆ ವಿಡಿಯೋದ ದೆಸೆಯಿಂದ ಒಂದು ವಾರ ಅಲ್ಲಾಡಿತು.

ಕಟ್ಟಡ ಕಟ್ಟಿದವರು ಮೇಸ್ತ್ರಿ. ಕರಣೆ ಹಿಡಿದು ಬದುಕು ಶುರುಮಾಡಿ, ಕಂಟ್ರಾಕ್ಟರ್ ಆಗಿ, ಊರಿನಲ್ಲಿ ನಲವತ್ತೊಂದು ಕಟ್ಟಡ ಎಬ್ಬಿಸಿ, ಕಡೆಗೆ ಇದನ್ನು ತಮಗಾಗಿ ಕಟ್ಟಿಕೊಂಡು ಕೆಳಗಿನ ಮನೆಯಲ್ಲಿ ಕೂತವರು. ಕಂಟ್ರಾಕ್ಟರ್ ಎಂದು ಕರೆದರೆ ಅವರಿಗೆ ಬೈದಂತೆ. ಮೇಸ್ತ್ರಿ ಎಂದರೆ ಮುಖ ಅರಳುತ್ತಿತ್ತು. ದಿನಾ ಬೆಳಿಗ್ಗೆ ತಾರಸಿಗೆ ಹತ್ತಿ, ಇಳಿಯುತ್ತ ಇಳಿಯುತ್ತ ಪ್ರತಿ ಗೋಡೆಗೂ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುವುದು ಅವರ ವ್ಯಾಯಾಮ. ಡಾಕ್ಟರು ರೋಗಿಯ ಬೆನ್ನು ತಟ್ಟಿದ ಹಾಗೆ ತಟ್ಟಿ, ಕಿವಿಗೊಟ್ಟು ಕೇಳಿ, "ಗಟ್ಟಿ ಇದೀಯಪ್ಪ" ಎಂದು ಮುಂದಿನ ಗೋಡೆಗೆ ಹೋಗುತ್ತಿದ್ದರು.

ವಿಡಿಯೋ ಮಾಡಿದವರು ಅವರ ಅಳಿಯಂದಿರು. ಮೇಸ್ತ್ರಿಯ ಒಬ್ಬಳೇ ಮಗಳ ಗಂಡ. ವಾಸ ಎರಡನೇ ಮಹಡಿ. ಮಾವ "ಅಳಿಯಂದ್ರೇ" ಎಂದು ಕೂಗುವುದನ್ನು ಕೇಳಿ ಕೇಳಿ ಹನ್ನೆರಡು ಮನೆಯವರಿಗೂ ಅದೇ ಬಾಯಿಗೆ ಬಂದು, ಈಗ ಅವರು ಹಾಲಿನವನಿಗೂ ಅಳಿಯ, ಪೇಪರಿನವನಿಗೂ ಅಳಿಯ. ಉದ್ಯೋಗ, ಬಸ್ ನಿಲ್ದಾಣದಲ್ಲಿ ಮರೆತ ಸಾಮಾನುಗಳ ವಿಭಾಗದ ಗುಮಾಸ್ತಿಕೆ. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು, ಇವಕ್ಕೆಲ್ಲ ಚೀಟಿ ಅಂಟಿಸಿ ಕಪಾಟಿನಲ್ಲಿಡುವುದು, ಯಾರಾದರೂ ಹುಡುಕಿಕೊಂಡು ಬಂದರೆ "ನಿಮ್ಮದೇ ಅನ್ನೋದಕ್ಕೆ ಏನು ಗುರುತು?" ಎಂದು ಕೇಳುವುದು. ಹದಿನೆಂಟು ವರ್ಷ ಪ್ರಶ್ನೆ ಕೇಳಿದ ಆ ಮನುಷ್ಯನನ್ನು ಯಾರೂ ಯಾವ ವಿಷಯಕ್ಕೂ ಒಂದು ಪ್ರಶ್ನೆ ಕೇಳಿರಲಿಲ್ಲ. ಕೇಳಿದ ಮೊದಲ ಪ್ರಶ್ನೆಗೇ ಅವರು ಎಡವಿದ್ದರಲ್ಲಿ ಆಶ್ಚರ್ಯವಿಲ್ಲ.

ಕೇಳಿದವರು ಮೂರನೇ ಮಹಡಿಯ ವಿಮೆ ಏಜೆಂಟರು. ಮೆಟ್ಟಿಲ ತಿರುವಿನಲ್ಲಿ ಅಳಿಯಂದಿರನ್ನು ತಡೆದು, ತಮ್ಮ ಹೊಸ ಫೋನಿನಲ್ಲಿ ಮಗಳ ಓಟದ ಪಂದ್ಯದ ವಿಡಿಯೋ ತೋರಿಸಿದರು. ಅದರಲ್ಲಿ ಮಗಳು ಓಡುತ್ತಿದ್ದಳೋ ಮೈದಾನ ಓಡುತ್ತಿತ್ತೋ ಹೇಳುವುದು ಕಷ್ಟವಿತ್ತು.

"ಇದನ್ನ ಸ್ಟೆಬಿಲೈಸ್ ಮಾಡ್ಬೇಕು ಕಣ್ರೀ," ಎಂದರು ಅಳಿಯಂದಿರು. ಆ ಪದವನ್ನು ಅವರು ಅದೇ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೇಳಿದ್ದರು. ಬಿಸಿ ಆರುವ ಮೊದಲೇ ಬಡಿಸಿಬಿಟ್ಟರು.

"ಹಂಗಂದ್ರೆ?"

"ನಡುಕ ತೆಗೆಯೋದು. ಕಂಪ್ಯೂಟರಿಗೆ ಹಾಕಿದ್ರೆ, ಎಲ್ಲೆಲ್ಲಿ ಎಷ್ಟೆಷ್ಟು ಅಲ್ಲಾಡಿದೆ ಅಂತ ಅದೇ ಹುಡುಕಿ, ಅಷ್ಟಷ್ಟನ್ನ ಹಿಂದಕ್ಕೆ ತಳ್ಳಿ ನಿಲ್ಲಿಸಿಬಿಡುತ್ತೆ."

"ಹೌದಾ! ನಿಮಗೆ ಬರುತ್ತಾ ಅದು?"

'ಬರಲ್ಲ' ಎಂಬ ಪದಕ್ಕೆ ಮೂರೇ ಅಕ್ಷರ. ಆದರೆ ಅದನ್ನು ಮೆಟ್ಟಿಲ ಮೇಲೆ ನಿಂತು, ಇನ್ನೊಬ್ಬ ಗಂಡಸಿನ ಎದುರು, ಸ್ಪಷ್ಟವಾಗಿ ಉಚ್ಚರಿಸಿದ ಗಂಡಸು ವಿರಳ.

"ಅದೇನು ಮಹಾ," ಎಂದರು ಅಳಿಯಂದಿರು.

ಹಿಂದಿನಿಂದ ಇಳಿಯುತ್ತಿದ್ದ ನಿವೃತ್ತ ಹೆಡ್‌ಮಾಸ್ತರರು ಇದನ್ನು ಕೇಳಿಸಿಕೊಂಡರು. ಅವರಿಗೆ ಒಂದು ಕಿವಿ ಮಂದ. ಕೇಳಬಾರದ್ದೆಲ್ಲ ಇನ್ನೊಂದಕ್ಕೆ ಬೀಳುತ್ತಿತ್ತು. ಸಂಜೆಯೊಳಗೆ ಸುದ್ದಿ ಕೆಳಗಿನ ಮನೆಗೆ ತಲುಪಿತು. ಮರುದಿನ ಗೋಡೆ ತಟ್ಟುತ್ತ ಇಳಿದ ಮೇಸ್ತ್ರಿ ಎರಡನೇ ಮಹಡಿಯಲ್ಲಿ ನಿಂತರು.

"ಅಳಿಯಂದ್ರೇ, ನಿಮಗೆ ಇಂಥ ವಿದ್ಯೆ ಇದೆ ಅಂತ ಇಷ್ಟು ವರ್ಷ ಹೇಳಲೇ ಇಲ್ಲವಲ್ಲ! ಕಟ್ಟಡಕ್ಕೆ ಈ ತಿಂಗಳು ಇಪ್ಪತ್ತೈದು ತುಂಬುತ್ತೆ. ಒಂದು ವಿಡಿಯೋ ಮಾಡಿ. ನಾನು ಬಾಗಿಲ ಮುಂದೆ ನಿಂತು ನಾಲ್ಕು ಮಾತಾಡ್ತೀನಿ."

ಮೇಸ್ತ್ರಿಯ ನಾಲ್ಕು ಮಾತು ನಲವತ್ತು ನಿಮಿಷ ಹಿಡಿಯಿತು. ಪಾಯದ ಕತೆ ಮುಗಿಯುವಷ್ಟರಲ್ಲಿ ಅಳಿಯಂದಿರ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾದ ಬ್ಯಾಟರಿ ಸತ್ತಿತು. ಏಜೆಂಟರ ಫೋನು ತಂದರು. ಅದು ಎರಡನೇ ಮಹಡಿಯ ಸ್ಲ್ಯಾಬ್ ಹಾಕುವ ಹೊತ್ತಿಗೆ ಇನ್ನು ಜಾಗವಿಲ್ಲ ಎಂದಿತು. ತಾರಸಿಯನ್ನು ಹೆಡ್‌ಮಾಸ್ತರರ ಹಳೇ ಫೋನು ಮುಗಿಸಿಕೊಟ್ಟಿತು.

ಇಲ್ಲಿ ಒಂದು ಶಾಸ್ತ್ರವಿಚಾರ. ವಿಡಿಯೋ ಎಂಬುದು ನಿಜಕ್ಕೂ ಚಲಿಸುವುದಿಲ್ಲ. ಅದು ಬಿಡಿ ಚಿತ್ರಗಳ ಕಂತೆ. ಬೇಗ ಬೇಗ ಮಗುಚಿದರೆ ಚಲಿಸಿದಂತೆ ಕಾಣುತ್ತದೆ, ಅಷ್ಟೆ. ಅಳಿಯಂದಿರ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಹಿಡಿಯುತ್ತಿತ್ತು. ಏಜೆಂಟರ ಫೋನು, ಏಜೆಂಟರ ಮಾತಿನ ಹಾಗೆಯೇ, ಸೆಕೆಂಡಿಗೆ ಅರವತ್ತು. ಹೆಡ್‌ಮಾಸ್ತರರ ಫೋನು ಬಿಸಿಲಿದ್ದರೆ ಮೂವತ್ತು, ಮೋಡ ಬಂದರೆ ಹದಿನೆಂಟು, ಒಮ್ಮೊಮ್ಮೆ ಏನೋ ಯೋಚನೆಗೆ ಬಿದ್ದು ಸುಮ್ಮನೆ ಕೂರುತ್ತಿತ್ತು. ಎತ್ತು, ಕುದುರೆ, ಆಮೆ ಮೂರನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಗಾಡಿ ಹೇಗೆ ಹೋಗಬಹುದೋ ಆ ವಿಡಿಯೋ ಹಾಗೆ ಹೋಗಬೇಕಾಗಿತ್ತು.

ಅಳಿಯಂದಿರ ಕಂಪ್ಯೂಟರು ಇದ್ದದ್ದು ಹೆಂಡತಿಯ ಹೊಲಿಗೆ ಯಂತ್ರದ ಪಕ್ಕದಲ್ಲಿ. ಆಕೆ ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುವವಳು. ಗಂಡ ನಲವತ್ತು ನಿಮಿಷವನ್ನು ಒಂದು ನಿಮಿಷ ನಲವತ್ತು ಸೆಕೆಂಡಿಗೆ ಕತ್ತರಿಸಿ, ಉಳಿದ ಮೂರು ತುಣುಕುಗಳನ್ನು ಸಾಫ್ಟ್‌ವೇರಿನಲ್ಲಿ ಒಂದರ ಹಿಂದೆ ಒಂದು ಜೋಡಿಸುವುದನ್ನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನೋಡಿದಳು.

"ರೀ, ಮೂರೂ ಬೇರೆ ಬೇರೆ ಜಾತಿ ಬಟ್ಟೆ ಅಂತೀರಿ. ಮೊದಲು ಒಂದೊಂದನ್ನೂ ಬೇರೆ ಬೇರೆ ನೀರಿಗೆ ಹಾಕಿ, ಎಷ್ಟು ಕುಗ್ಗುತ್ತೋ ಕುಗ್ಗಲಿ ಅಂತ ಬಿಟ್ಟು, ಆಮೇಲೆ ಹೊಲೀಬೇಕು. ಹೊಲಿದ ಮೇಲೆ ಒಗೆದ್ರೆ ಒಂದು ತೋಳು ಮೊಣಕೈಗೆ ಬಂದು ನಿಲ್ಲುತ್ತೆ."

"ಇದು ಬಟ್ಟೆ ಅಲ್ಲ ಕಣೇ, ತಂತ್ರಜ್ಞಾನ."

"ಹೂಂ. ತಂತ್ರಜ್ಞಾನ ಕುಗ್ಗಲ್ವೇನೋ."

ತಂತ್ರಜ್ಞಾನ ಕುಗ್ಗಲಿಲ್ಲ, ಕೆಂಪಾಯಿತು. ಅಳಿಯಂದಿರು ಸ್ಟೆಬಿಲೈಸ್ ಗುಂಡಿ ಒತ್ತಿದಾಗಲೆಲ್ಲ ಪರದೆಗೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ ಬಂದು, ಈ ತುಣುಕಿನ ಲೆಕ್ಕ ಆ ತುಣುಕಿಗೆ ಹೊಂದುತ್ತಿಲ್ಲ, ನನ್ನಿಂದಾಗದು ಎಂದಿತು. ಕಚೇರಿಯಲ್ಲಿ ಇಂಥ ತಕರಾರಿಗೆ ಅವರಲ್ಲಿ ಸಿದ್ಧ ಮದ್ದಿತ್ತು: ಹೊಂದದ ಸಾಮಾನುಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಒಂದೇ ಚೀಟಿ ಅಂಟಿಸುವುದು. ಇಲ್ಲೂ ಹಾಗೆಯೇ ಮೂರನ್ನೂ ಒಂದು ಕಂತೆ ಕಟ್ಟಿ ಒತ್ತಿದರು. ಕೆಂಪು ಪಟ್ಟಿ ಮಾಯವಾಯಿತು. ಎಷ್ಟು ಪರ್ಸೆಂಟು ನಯ ಬೇಕು ಎಂದು ಸಾಫ್ಟ್‌ವೇರು ಕೇಳಿ, ಐವತ್ತು ಸಾಕು ಎಂದು ತಾನೇ ಸೂಚಿಸಿತು. ಮಾವನ ವಿಷಯದಲ್ಲಿ ಐವತ್ತು ಪರ್ಸೆಂಟು ತೋರಿಸುವ ಅಳಿಯ ಎಲ್ಲಾದರೂ ಉಂಟೇ? ನೂರು ಎಂದು ಹಾಕಿ ಕೆಲಸಕ್ಕೆ ಹೋದರು.

ಹನ್ನೊಂದು ಗಂಟೆ ಬೆವರಿದ ಕಂಪ್ಯೂಟರು ಸಂಜೆ ಫಲ ಕೊಟ್ಟಿತು. ಅಳಿಯಂದಿರು ಮಾವನ ಮುಖ ನೋಡಿದರು. ಮದುವೆಯಾದಂದಿನಿಂದ ಮಾವ ಎದುರಿಗಿದ್ದಾಗ ಅವರು ಮುಖ ಬಿಟ್ಟು ಬೇರೇನನ್ನೂ ನೋಡಿದವರಲ್ಲ. ಮೆಚ್ಚಿದರೋ ಇಲ್ಲವೋ ಎಂಬುದು ಅಲ್ಲೇ ತಾನೆ ಗೊತ್ತಾಗುವುದು? ಪರದೆಯ ಮೇಲೆ ಮಾವ ಕಲ್ಲುಕಂಬದಂತೆ ನಿಂತಿದ್ದರು. ಮೀಸೆಯ ಒಂದು ಕೂದಲೂ ಅತ್ತಿತ್ತ ಸರಿದಿರಲಿಲ್ಲ. ಅಳಿಯಂದಿರಿಗೆ ತಮ್ಮ ಮೇಲೆ ಎಂದೂ ಇಲ್ಲದ ಗೌರವ ಹುಟ್ಟಿತು.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಪ್ರದರ್ಶನ. ಮೇಸ್ತ್ರಿಯ ಹಜಾರದ ಗೋಡೆಗೆ ಬಿಳಿ ಹಾಸಿಗೆಬಟ್ಟೆ ಬಿಗಿದು, ಬಾಡಿಗೆಯ ಪ್ರೊಜೆಕ್ಟರ್ ಇಟ್ಟು, ಕಿಟಕಿಗಳಿಗೆ ಕಂಬಳಿ ಹೊದಿಸಿ, ಹನ್ನೆರಡು ಮನೆಯವರೂ ಕೂತರು. ಶುರುವಾಗುವ ಮುಂಚೆ ಅಳಿಯಂದಿರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಅವತ್ತು ಸುಮ್ಮನೆ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಕೈ ನಡುಕ ಅನ್ನೋದನ್ನ ಇದರಲ್ಲಿ ನೂರಕ್ಕೆ ನೂರು ತೆಗೆದಿದೀನಿ. ಭೂತಗನ್ನಡಿ ಹಾಕಿ ಹುಡುಕಿದ್ರೂ ಸಿಗಲ್ಲ."

ಹಾಸಿಗೆಬಟ್ಟೆಯ ಮೇಲೆ ಮೇಸ್ತ್ರಿ ಮೂಡಿದರು. ಚಪ್ಪಾಳೆ ಬಿತ್ತು. ಪಾಯದ ಮಾತು ಶುರುವಾಯಿತು. ಆಮೇಲೆ ಚಪ್ಪಾಳೆ ಒಂದೊಂದಾಗಿ ನಿಂತಿತು.

ಮೇಸ್ತ್ರಿ ಅಲುಗದೆ ನಿಂತಿದ್ದರು. ಅವರ ಹಿಂದೆ ಮೂರು ಮಹಡಿಯ ಕಟ್ಟಡ ಎಡಕ್ಕೆ ವಾಲಿ, ಒಂದು ಕ್ಷಣ ಯೋಚಿಸಿ, ಬಲಕ್ಕೆ ವಾಲುತ್ತಿತ್ತು. ತೊಟ್ಟಿಲು ತೂಗಿದ ಹಾಗೆ. ಮೊದಲ ಮಹಡಿಯ ಕಿಟಕಿಗಳು ನೀರಿನೊಳಗಿನ ಮೀನಿನಂತೆ ಬಳುಕುತ್ತಿದ್ದವು. ನಡುನಡುವೆ, ಯಾರೋ ಹಿಂದಿನಿಂದ ಒದ್ದ ಹಾಗೆ, ಇಡೀ ಕಟ್ಟಡ ಒಮ್ಮೆ ಕಟಕ್ಕೆಂದು ಜರ್ಕು ಹೊಡೆಯುತ್ತಿತ್ತು. ಅಷ್ಟು ಹೊತ್ತಿಗೆ ಸರಿಯಾಗಿ ಮೇಸ್ತ್ರಿ ಪರದೆಯ ಮೇಲೆ ಹೇಳಿದರು: "ಇವತ್ತಿಗೂ ಒಂದು ಕೂದಲೆಳೆಯಷ್ಟು ಅಲ್ಲಾಡಿಲ್ಲ."

ಮೊದಲು ಮಾತಾಡಿದವರು ಹೆಡ್‌ಮಾಸ್ತರರು. "ಅಳಿಯಂದ್ರೇ, ನಡುಕ ಎಲ್ಲಾ ತೆಗೆದಿದೀರಿ ಅಂದ್ರಿ?"

"ನೂರಕ್ಕೆ ನೂರು," ಎಂದರು ಅಳಿಯಂದಿರು. ಅವರಿನ್ನೂ ಮಾವನ ಮುಖವನ್ನೇ ನೋಡುತ್ತಿದ್ದರು.

"ಹಾಗಾದ್ರೆ ಈಗ ಉಳಿದಿರೋದು ಕಟ್ಟಡದ್ದೇ ನಡುಕ!"

ಈ ತರ್ಕದಲ್ಲಿ ಒಂದು ಬಿರುಕೂ ಯಾರಿಗೂ ಕಾಣಲಿಲ್ಲ. ಮೇಸ್ತ್ರಿಯ ಗೋಡೆಗಳಷ್ಟೇ ಗಟ್ಟಿಯಾಗಿತ್ತು.

"ತೆಗೆದ ಮೇಲೇ ಇಷ್ಟು ಅಂದ್ರೆ, ತೆಗೆಯೋಕೆ ಮುಂಚೆ ಎಷ್ಟಿರ್ಬೇಕು!" ಎಂದು ನರ್ಸಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ಆಕೆ ಮೊದಲ ಮಹಡಿಯವರು, ಬಳುಕಿದ ಕಿಟಕಿ ಅವರದೇ.

ಆಮೇಲೆ ಎಲ್ಲರಿಗೂ ಎಲ್ಲವೂ ನೆನಪಾಯಿತು. ನರ್ಸಮ್ಮನ ಮನೆಯ ಪಾತ್ರೆಗಳು ತಾವಾಗಿಯೇ ಸದ್ದು ಮಾಡುತ್ತಿದ್ದವಂತೆ. ಏಜೆಂಟರ ಬಚ್ಚಲ ಬಾಗಿಲು ಎರಡು ವರ್ಷದಿಂದ ಕೂರುತ್ತಿಲ್ಲವಂತೆ. ಹೆಡ್‌ಮಾಸ್ತರರಿಗೆ ಮಂಚದಿಂದ ಏಳುವಾಗ ತಲೆ ಸುತ್ತುತ್ತಿತ್ತು. ವಯಸ್ಸು ಎಂದುಕೊಂಡಿದ್ದರು, ಈಗ ನೋಡಿದರೆ ಕಟ್ಟಡ.

"ಆದ್ರೆ ಈಗ ಕೂತಿದೀವಲ್ಲ, ಏನೂ ಅಲ್ಲಾಡ್ತಾ ಇಲ್ಲವಲ್ರೀ," ಎಂದಳು ಅಳಿಯಂದಿರ ಹೆಂಡತಿ.

"ಭೂಮಿ ತಿರುಗೋದು ನಿನಗೆ ಗೊತ್ತಾಗುತ್ತೇನಮ್ಮ?" ಎಂದರು ಹೆಡ್‌ಮಾಸ್ತರರು. "ನಾವೂ ಜೊತೆಗೇ ಅಲ್ಲಾಡ್ತಿರ್ತೀವಿ. ಒಳಗಿರೋರಿಗೆ ತಿಳಿಯಲ್ಲ. ಕ್ಯಾಮೆರಾ ಹೊರಗಿತ್ತು, ಹಿಡೀತು."

ಮೇಸ್ತ್ರಿ ಎದ್ದು ಗೋಡೆಯ ಹತ್ತಿರ ಹೋಗಿ ಎರಡು ಸಲ ತಟ್ಟಿದರು. ಕಿವಿಗೊಟ್ಟರು. ಮತ್ತೆರಡು ಸಲ ತಟ್ಟಿದರು. ಇಪ್ಪತ್ತೈದು ವರ್ಷದಲ್ಲಿ ಅವರು ಒಂದೇ ಗೋಡೆಯನ್ನು ಎರಡು ಬಾರಿ ಕೇಳಿದ್ದು ಅದೇ ಮೊದಲು.

ಏಜೆಂಟರು ವಿಡಿಯೋವನ್ನು ನಾಲ್ಕು ಜನಕ್ಕೆ ಕಳಿಸಿದರು. ಎಚ್ಚರಿಕೆಗಾಗಿ, ಬೇರೆ ಉದ್ದೇಶವಿರಲಿಲ್ಲ. ಸೋಮವಾರ ಬೆಳಗಾಗುವಷ್ಟರಲ್ಲಿ ಇಡೀ ಊರು ನೋಡಿತ್ತು. ತಳ್ಳುಗಾಡಿಯ ತರಕಾರಿಯವನು ಕಟ್ಟಡದ ನೆರಳು ಬಿಟ್ಟು ಆಚೆ ಬಿಸಿಲಿಗೆ ಹೋಗಿ ನಿಂತ. ಹಾಲಿನವನು ಗೇಟಿನಲ್ಲಿ ನಿಂತು "ಅಳಿಯಂದ್ರೇ, ಚೆಂಬು ಕೆಳಗೆ ಕಳಿಸಿ, ನಾನು ಒಳಗೆ ಬರಲ್ಲ" ಎಂದು ಕೂಗಿದ. ಹೆಡ್‌ಮಾಸ್ತರರು ಪ್ರತಿ ಮನೆಯ ನಡುವೆ ಒಂದೊಂದು ಲೋಟ ನೀರು ಇಡಿಸಿ, ಅಲೆ ಎದ್ದರೆ ಬರೆದಿಡಲು ಹೇಳಿದರು. ಲೋಟ ನೋಡಲು ಜನ ಹತ್ತಿರ ಬಂದಾಗಲೆಲ್ಲ ಅಲೆ ಎದ್ದಿತು. ಎಲ್ಲವನ್ನೂ ಬರೆದಿಟ್ಟರು.

ಮಂಗಳವಾರ ನಗರಸಭೆಯ ಇಂಜಿನಿಯರರು ಬಂದರು. ಕೈಯಲ್ಲಿ ಫೈಲು, ಫೈಲಿನ ಮೇಲೆ ಫೋನು, ಫೋನಿನಲ್ಲಿ ವಿಡಿಯೋ. ಕಟ್ಟಡವನ್ನು ಒಂದು ಸಲ ಮೇಲಿಂದ ಕೆಳಕ್ಕೆ ನೋಡಿದರು. ಫೋನನ್ನು ಹನ್ನೊಂದು ಸಲ ನೋಡಿದರು. ಪರದೆಯ ಮೇಲೆ ಸ್ಕೇಲಿಟ್ಟು, ಬಾಗಿಲಿನ ಅಗಲಕ್ಕೆ ಹೋಲಿಸಿ ಲೆಕ್ಕ ಹಾಕಿದರು.

"ಎಡಕ್ಕೆ ನಾಲ್ಕು ಇಂಚು. ಬಲಕ್ಕೆ ಮೂರೂವರೆ."

ಮೇಸ್ತ್ರಿ ಒಳಗಿನಿಂದ ತೂಗುಗುಂಡು ತಂದು ತಾರಸಿಯಿಂದ ಇಳಿಬಿಟ್ಟರು. ದಾರ ಗೋಡೆಯ ಅಂಚಿಗೆ ಗೆರೆ ಎಳೆದ ಹಾಗೆ ನಿಂತಿತು. "ನೀವೇ ನೋಡಿ ಸಾರ್. ಕೂದಲೆಳೆ ಆಚೀಚೆ ಇದ್ರೆ ಹೇಳಿ."

"ಈಗ ನಿಂತಿದೆ ಮೇಸ್ತ್ರಿಗಳೇ. ಯಾರು ಇಲ್ಲ ಅಂದ್ರು?" ಎಂದರು ಇಂಜಿನಿಯರರು ಶಾಂತವಾಗಿ. "ಆದ್ರೆ ವಿಡಿಯೋದಲ್ಲಿ ಅಲ್ಲಾಡಿದೆ. ಎರಡರಲ್ಲಿ ದಾಖಲೆ ಯಾವುದು? ವಿಡಿಯೋ. ಕಟ್ಟಡವನ್ನ ಫೈಲಿಗೆ ಹಾಕೋಕಾಗಲ್ಲ."

"ಮತ್ತೆ ಏನು ಮಾಡ್ಬೇಕು?"

"ಅಲ್ಲಾಡಿದ್ದಕ್ಕೆ ಕಾರಣ ಬೇಕು. ಶನಿವಾರ ಬರ್ತೀನಿ, ತೋರಿಸಿ. ಇಲ್ಲದಿದ್ರೆ ಸೋಮವಾರ ಹನ್ನೆರಡು ಮನೇನೂ ಖಾಲಿ." ಗೇಟಿನ ಕಂಬಕ್ಕೆ ನೋಟಿಸು ಅಂಟಿಸಿ ಹೊರಟರು. ಅಂಟು ಒಣಗುವ ತನಕ ಒತ್ತಿ ಹಿಡಿದುಕೊಂಡದ್ದು ಅಳಿಯಂದಿರು. ಸರಕಾರಿ ಕಾಗದ ಬೀಳಬಾರದೆಂಬುದು ಅವರ ವೃತ್ತಿಧರ್ಮ.

ಅವತ್ತು ಸಂಜೆ ಮೇಸ್ತ್ರಿ ಜಗಲಿಯಲ್ಲಿ ಕೂತಿದ್ದರು. ಫೋನು ಪಕ್ಕದಲ್ಲಿತ್ತು. "ಅಳಿಯಂದ್ರೇ, ಆರು ಕಡೆಯಿಂದ ಬಂತು ಫೋನು. 'ನಮ್ಮ ಕಟ್ಟಡಾನೂ ನೀವೇ ಕಟ್ಟಿದ್ದಲ್ಲವಾ, ಒಂದ್ಸಲ ಬಂದು ನೋಡಿ' ಅಂತಾರೆ. ಮೂವತ್ತು ವರ್ಷದಿಂದ ಇರೋರು, ರಾತ್ರಿ ಮಲಗೋಕೆ ತಂಗಿ ಮನೆಗೆ ಹೋಗ್ತಾರಂತೆ." ಫೋನನ್ನು ಮಗುಚಿಟ್ಟು ಹೇಳಿದರು: "ನಲವತ್ತೆರಡಕ್ಕೂ ಇದೇ ಕೈ."

ಅವರು ಕೈಯನ್ನು ಚಾಚಿ ನೋಡಿಕೊಂಡರು. ಅದು ನಡುಗುತ್ತಿರಲಿಲ್ಲ. ಅಳಿಯಂದಿರ ಕೈ ನಡುಗುತ್ತಿತ್ತು. ಮರುದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಗೋಡೆ ತಟ್ಟುವ ಸದ್ದು ಕೇಳಲಿಲ್ಲ.

ಮೂರು ತುಣುಕುಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಅಳಿಯಂದಿರು ಬಸ್ ನಿಲ್ದಾಣದ ಎದುರಿನ ಫೋಟೋ ಸ್ಟುಡಿಯೋಗೆ ಹೋದರು. ಸ್ಟುಡಿಯೋ ನಡೆಸುವಾಕೆ ಮುಂದೆ ಪಾಸ್‌ಪೋರ್ಟ್ ಫೋಟೋ ತೆಗೆದು, ಹಿಂದಿನ ಕೋಣೆಯಲ್ಲಿ ಊರಿನ ಮದುವೆಗಳನ್ನೆಲ್ಲ ಎಡಿಟ್ ಮಾಡುತ್ತಿದ್ದಳು.

"ಮೇಡಂ, ಈ ಕಟ್ಟಡ ಅಲ್ಲಾಡದ ಹಾಗೆ ಮಾಡಿಕೊಡ್ಬೇಕು."

ಆಕೆ ಅಳಿಯಂದಿರ ಕೃತಿಯನ್ನು ಒಮ್ಮೆ ನೋಡಿದಳು. ಎರಡನೇ ಸಲ ನೋಡುವಾಗ ಟೇಬಲ್ಲಿನ ಮೇಲೆ ತಲೆಯಿಟ್ಟು ನಕ್ಕಳು. ಕಣ್ಣು ಒರೆಸಿಕೊಂಡು ಕೇಳಿದಳು: "ಸರ್, ಇವರು ಯಾರು?"

"ನಮ್ಮ ಮಾವ."

"ನೀವು ಕಟ್ಟಡಾನ ನಿಲ್ಲಿಸಿಲ್ಲ ಸರ್. ಮಾವನ್ನ ನಿಲ್ಲಿಸಿದೀರಿ. ಮುಂದೆ ದೊಡ್ಡದಾಗಿ ಅವರಿದಾರೆ. ಸಾಫ್ಟ್‌ವೇರ್ ಅವರನ್ನೇ ನೆಲ ಅಂದ್ಕೊಂಡಿದೆ. ಅವರು ಎಡಕ್ಕೆ ವಾಲಿದಾಗೆಲ್ಲ ಅವರನ್ನ ಹಿಡಿದು ನೆಟ್ಟಗೆ ಮಾಡಿದೆ, ಹಿಂದಿರೋದು ಬಲಕ್ಕೆ ಹೋಗಿದೆ. ಅಲುಗಾಟ ಎಲ್ಲೂ ಹೋಗಲ್ಲ ಸರ್, ಒಬ್ಬರಿಂದ ತೆಗೆದ್ರೆ ಇನ್ನೊಬ್ಬರ ತಲೆ ಮೇಲೆ ಬೀಳುತ್ತೆ. ಅದೂ ನೂರು ಪರ್ಸೆಂಟ್ ಬೇರೆ ಹಾಕಿದೀರಿ!"

"ಮತ್ತೆ ಆ ಕಟಕ್ ಅಂತ ಒದೆ?"

"ಅದು ಮೂರು ಥರ ವಿಡಿಯೋ ಒಂದೇ ಕಂತೆ ಮಾಡಿದ್ದಕ್ಕೆ. ಅರವತ್ತು ಚಿತ್ರ ಇರೋದನ್ನ ಇಪ್ಪತ್ತೈದಕ್ಕೆ ಇಳಿಸೋವಾಗ ನಡುನಡುವೆ ಬಿಸಾಕುತ್ತೆ. ಹದಿನೆಂಟು ಇರೋದಕ್ಕೆ ಸಾಲದೆ ಒಂದನ್ನೇ ಎರಡು ಸಲ ತೋರಿಸುತ್ತೆ. ಆಗ 'ಓ ನಿಂತ' ಅಂದ್ಕೊಳ್ಳುತ್ತೆ, ಮುಂದಿನ ಚಿತ್ರಕ್ಕೆ 'ಅಯ್ಯೋ ಹಾರಿದ' ಅಂತ ಎಳೆದಾ­ಡುತ್ತೆ. ಮೊದಲು ಒಂದೊಂದನ್ನೂ ಅದರದರ ಲೆಕ್ಕದಲ್ಲೇ ಬೇರೆ ಬೇರೆ ನಿಲ್ಲಿಸಿ, ಆಮೇಲೆ ಜೋಡಿಸ್ಬೇಕು."

"ಬೇರೆ ಬೇರೆ ನೀರಿಗೆ ಹಾಕಿ ಆಮೇಲೆ ಹೊಲಿಯೋದು," ಎಂದರು ಅಳಿಯಂದಿರು ಕ್ಷೀಣವಾಗಿ.

"ಅಯ್ಯೋ, ಎಷ್ಟು ಚೆನ್ನಾಗಿ ಹೇಳಿದ್ರಿ! ಗೊತ್ತಿದ್ದೂ ಯಾಕೆ ಹೀಗೆ ಮಾಡಿದ್ರಿ?"

ಆಕೆ ಮೂಲ ತುಣುಕುಗಳನ್ನು ತೆರೆದಳು. ನಡುಕ ತೆಗೆಯುವಾಗ ಸಾಫ್ಟ್‌ವೇರು ಚಿತ್ರದ ಅಂಚುಗಳನ್ನು ಕತ್ತರಿಸಿ ಹಾಕುತ್ತದೆ. ಹಾಗೆ ಕತ್ತರಿಸಿ ಹೋದ ಕೆಳಗಿನ ಅಂಚು ಮೂಲದಲ್ಲಿ ಪೂರ್ತಿ ಇತ್ತು. ಅಲ್ಲಿ ಮೇಸ್ತ್ರಿಯ ಪಾದಗಳಿದ್ದವು. ಪಾದಗಳ ಕೆಳಗೆ, ಬೋರಲು ಹಾಕಿದ ಬಣ್ಣದ ಬಕೆಟ್ಟು ಇತ್ತು.

"ಇದೇನು ಸರ್?"

ಅಳಿಯಂದಿರು ಬೆವರು ಒರೆಸಿಕೊಂಡರು. ಮೇಸ್ತ್ರಿ ಐದಡಿಗೆ ಒಂದಿಂಚು ಕಡಿಮೆ. ಅವರೇ ಕೂರಿಸಿದ ಮುಂಬಾಗಿಲು ಎಂಟಡಿ. ಆ ಬಾಗಿಲ ಮುಂದೆ ಅವರನ್ನು ನಿಲ್ಲಿಸಿದಾಗ, ಬಾಗಿಲು ಕಟ್ಟಿದವರು ಎಂದಲ್ಲ, ಬಾಗಿಲು ಯಾವಾಗ ತೆಗೆಯುತ್ತಾರೆಂದು ಕಾಯುತ್ತಿರುವವರು ಎಂದು ಕಾಣುತ್ತಿತ್ತು. ಬಕೆಟ್ಟಿನ ಉಪಾಯ ಅಳಿಯಂದಿರದೇ. "ಯಾರಿಗೂ ಕಾಣಲ್ಲ ತಾನೆ?" ಎಂದು ಮೇಸ್ತ್ರಿ ಮೂರು ಸಲ ಕೇಳಿ, ಮಾತು ತೆಗೆದುಕೊಂಡೇ ಹತ್ತಿದ್ದರು. ಬಕೆಟ್ಟಿನ ತಳ ಉಬ್ಬಿತ್ತು. ಮಾತಿನ ಭರಕ್ಕೆ ತಕ್ಕಂತೆ ಅದು ಅತ್ತಿತ್ತ ವಾಲುತ್ತಿತ್ತು.

"ಇದು ಕಾಣದ ಹಾಗೆ ಮಾಡಿಕೊಡಿ," ಎಂದರು ಅಳಿಯಂದಿರು. "ಮಾತು ಕೊಟ್ಟಿದೀನಿ."

ಶನಿವಾರ ಬೆಳಿಗ್ಗೆ ಇಂಜಿನಿಯರರು ಬಂದಾಗ ಹನ್ನೆರಡು ಮನೆಯವರೂ, ಅರ್ಧ ಬೀದಿಯವರೂ ಕಟ್ಟಡದಿಂದ ಸುರಕ್ಷಿತ ದೂರದಲ್ಲಿ ನಿಂತಿದ್ದರು. ಜಗಲಿಯ ಮೇಲೆ ಕಂಪ್ಯೂಟರಿಟ್ಟು ಅಳಿಯಂದಿರು ಹೊಸ ವಿಡಿಯೋ ಹಾಕಿದರು. ಕಟ್ಟಡ ಬೆಟ್ಟದಂತೆ ನಿಂತಿತ್ತು. ಜರ್ಕು ಇಲ್ಲ, ಬಳುಕು ಇಲ್ಲ. ಕಟ್ಟಡದ ಮುಂದೆ, ಮೊಣಕಾಲಿನಿಂದ ಮೇಲಕ್ಕೆ ಕಾಣುತ್ತಿದ್ದ ಮೇಸ್ತ್ರಿ, ಗಾಳಿಗೆ ಸಿಕ್ಕ ಜೋಳದ ಕಡ್ಡಿಯಂತೆ ಅತ್ತಿತ್ತ ತೂಗುತ್ತಿದ್ದರು.

ಜನ ಮೇಸ್ತ್ರಿಯ ಕಡೆಗೆ ನೋಡಿದರು. ಏಜೆಂಟರು ಹೆಬ್ಬೆರಳನ್ನು ಬಾಯಿಯ ಕಡೆಗೆ ತೋರಿಸಿ ಪಕ್ಕದವರಿಗೆ ಹುಬ್ಬು ಹಾರಿಸಿದರು.

"ಛೇ, ಇರಲಾರದು. ತಲೆಸುತ್ತು ಇರ್ಬೇಕು. ಬಿಪಿ ನೋಡೋಣ, ಕೂತ್ಕೊಳ್ಳಿ ಮೇಸ್ತ್ರಿಗಳೇ," ಎಂದು ನರ್ಸಮ್ಮ ಮುಂದೆ ಬಂದರು.

ಇಂಜಿನಿಯರರು ಕನ್ನಡಕ ತೆಗೆದರು. "ಮೊದಲನೇದರಲ್ಲಿ ಮೇಸ್ತ್ರಿ ನಿಂತಿದ್ರು, ಕಟ್ಟಡ ಅಲ್ಲಾಡ್ತು. ಇದರಲ್ಲಿ ಕಟ್ಟಡ ನಿಂತಿದೆ, ಮೇಸ್ತ್ರಿ ಅಲ್ಲಾಡ್ತಾರೆ. ಎರಡರಲ್ಲಿ ಒಂದು ಸುಳ್ಳು. ಯಾವುದು?"

"ಮೊದಲನೇದು ಸಾರ್," ಎಂದರು ಅಳಿಯಂದಿರು. ಅರ್ಧ ಬೀದಿ ಕೇಳುತ್ತಿತ್ತು. "ಅದನ್ನ ನಾನು ಮಾಡಿದ್ದು. ನನಗೆ ಆ ಕೆಲಸ ಬರಲ್ಲ."

"ಏನಂದ್ರಿ?" ಎಂದರು ಹೆಡ್‌ಮಾಸ್ತರರು. ಮಂದವಾದ ಕಿವಿ ಆ ಕಡೆಗಿತ್ತು.

"ಬರಲ್ಲ ಅಂದೆ! ಬರಲ್ಲ! ಅವತ್ತು ಮೆಟ್ಟಿಲ ಮೇಲೆ ಸುಮ್ಮನೆ ಅಂದಿದ್ದು!"

"ಆಯ್ತು," ಎಂದರು ಇಂಜಿನಿಯರರು. "ಬರದೇ ಇರೋರು ತಂದ ಎರಡನೇ ವಿಡಿಯೋ ಮಾತ್ರ ನಿಜ ಅಂತ ಹೇಗೆ ನಂಬೋದು? ಮೇಸ್ತ್ರಿ ಯಾಕೆ ಅಲ್ಲಾಡಿದ್ರು?"

"ಅದು... ನನ್ನ ಕೈ ನಡುಗಿದ್ದು ಸಾರ್."

"ಕೈ ನಡುಗಿದ್ರೆ ಇಬ್ರೂ ಅಲ್ಲಾಡ್ಬೇಕು. ಮೇಸ್ತ್ರಿ ಒಬ್ರೇ ಯಾಕೆ?"

ಅಳಿಯಂದಿರು ಮಾವನ ಮುಖ ನೋಡಿದರು. ಮಾವ ಅವರ ಮುಖ ನೋಡಲಿಲ್ಲ, ಕಟ್ಟಡದ ಮುಖ ನೋಡಿದರು. "ಗೊತ್ತಿಲ್ಲ ಸಾರ್," ಎಂದರು ಅಳಿಯಂದಿರು, ನೆಲ ನೋಡುತ್ತ.

"ಹಾಗಾದ್ರೆ ಸೋಮವಾರ ಖಾಲಿ." ಇಂಜಿನಿಯರರು ಫೈಲು ಮುಚ್ಚಿದರು.

ಮೇಸ್ತ್ರಿ ಸರಸರನೆ ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಬಣ್ಣದ ಬಕೆಟ್ಟಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲ ಮುಂದೆ ಹೋಗಿ, ಅದನ್ನು ಬೋರಲು ಹಾಕಿದರು.

"ಅಪ್ಪಾ, ಬೇಡ," ಎಂದಳು ಮಗಳು ಮೆಲ್ಲಗೆ.

"ಎಣ್ಣೆ ಹಾಕಿರ್ಲಿಲ್ಲ ಸಾರ್, ಬಿಪೀನೂ ಇಲ್ಲ," ಎಂದರು ಮೇಸ್ತ್ರಿ ಇಡೀ ಬೀದಿಗೆ ಕೇಳುವಂತೆ. "ನಾನು ಕುಳ್ಳ. ಎತ್ತರ ಕಾಣಲಿ ಅಂತ ಇದರ ಮೇಲೆ ಹತ್ತಿದ್ದೆ. ಅಳಿಯಂದ್ರು ನನ್ನ ಮಾನ ಉಳಿಸೋಕೆ ಬಾಯಿ ಬಿಡ್ತಾ ಇಲ್ಲ. ನನ್ನ ಮಾನ ಹೋದ್ರೆ ಹೋಗ್ಲಿ. ಹೂಂ, ಅಳತೆ ಹಿಡೀರಿ."

ಹತ್ತಿ ನಿಂತರು. ಬಕೆಟ್ಟು ವಾಲಿತು.

"ಅವತ್ತು ಹೇಗೆ ಮಾತಾಡಿದ್ರೋ ಹಾಗೇ ಮಾತಾಡ್ಬೇಕು," ಎಂದು ಇಂಜಿನಿಯರರು ಟೇಪು ಬಿಚ್ಚಿದರು.

ಕೇಳಬಾರದಿತ್ತು. ಮೇಸ್ತ್ರಿ ಪಾಯದಿಂದ ಶುರುಮಾಡಿದರು. ಆರಡಿ ಅಗೆದದ್ದು, ನೀರು ಬಂದದ್ದು, ಮೂರು ದಿನ ನೀರೆತ್ತಿದ್ದು, ಮಣ್ಣು ಬದಲಿಸಿದ್ದು. ಮೊದಮೊದಲು ನಕ್ಕವರು ಸ್ಲ್ಯಾಬಿನ ಹೊತ್ತಿಗೆ ನಗು ನಿಲ್ಲಿಸಿದ್ದರು. ನರ್ಸಮ್ಮ ತಮ್ಮ ಅಡುಗೆಮನೆಯ ಕೆಳಗೆ ಎಷ್ಟು ಕಂಬಿ ಇದೆ ಎಂದು ಕೇಳಿದರು; ಮೇಸ್ತ್ರಿ ಬಕೆಟ್ಟಿನ ಮೇಲೆ ತೂಗುತ್ತಲೇ ಎಣಿಸಿ ಹೇಳಿದರು. ತರಕಾರಿಯವನು ಮಾತು ಸರಿಯಾಗಿ ಕೇಳಲೆಂದು ಗಾಡಿಯನ್ನು ನೆರಳಿಗೆ ತಂದ. ಇಂಜಿನಿಯರರು ಟೇಪು ಹಿಡಿದು ನಲವತ್ತು ನಿಮಿಷ ನಿಂತರು. ಅವರಿಗೆ ಕೂರಲು ಯಾರೂ ಏನೂ ಕೊಡಲಿಲ್ಲ. ಇದ್ದ ಬಕೆಟ್ಟು ಒಂದೇ.

"ಬಲಕ್ಕೆ ನಾಲ್ಕು," ಎಂದರು ಕೊನೆಗೆ. "ಎಡಕ್ಕೆ ಮೂರೂವರೆ. ತಿರುಗುಮುರುಗು ಆದ್ರೂ ಲೆಕ್ಕ ತಾಳೆಯಾಗುತ್ತೆ." ಬಾಗಿ ಬಕೆಟ್ಟಿನ ತಳ ತಡವಿ ನೋಡಿದರು. ಫೈಲು ತೆರೆದು, ಕಟ್ಟಡ ಸ್ಥಿರ, ಬಕೆಟ್ಟು ಅಸ್ಥಿರ ಎಂದು ಬರೆದು, ಹೆಡ್‌ಮಾಸ್ತರರಿಂದಲೂ ಏಜೆಂಟರಿಂದಲೂ ಸಾಕ್ಷಿ ಸಹಿ ಹಾಕಿಸಿಕೊಂಡರು.

ನೋಟಿಸು ಅದೇ ದಿನ ವಾಪಸಾಯಿತು. ಬಕೆಟ್ಟನ್ನು ದಾಖಲೆಯ ಭಾಗವೆಂದು ನಗರಸಭೆಯವರು ತೆಗೆದುಕೊಂಡು ಹೋದರು.